ಪ್ಲೇಟಿನ ಕೆಳಗಿನ ಬದು

ತಕರಾರು ಹುಟ್ಟಿದ್ದು ಒಂದು ಹುಣಸೆ ಮರದಿಂದ. ಆ ಮರವನ್ನು ಕಡಿದು ಎಷ್ಟೋ ವರ್ಷವಾಗಿತ್ತು. ಅದು ನಿಂತಿದ್ದ ಬದು ಕೂಡ ನೆಲಸಮವಾಗಿತ್ತು. ಆದರೂ ಇಲ್ಲದ ಬದುವಿನ ಮೇಲಿನ ಇಲ್ಲದ ಮರ ಯಾರದು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ತಿಪ್ಪಯ್ಯ ಕುಡಿಯುತ್ತಿದ್ದ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದು ನಿಂತ.

ತಿರುಮಣಿ ಪಕ್ಕದ ಆ ಊರಿನಲ್ಲಿ ಬೆಳಗಿನ ಹೊತ್ತು ಗಂಡಸರಿಗೆ ಹೋಗಲು ಇರುವ ಜಾಗ ಒಂದೇ, ಮಂಗಳಾಳ ಹೋಟೆಲು. ಹೊಲಗಳನ್ನೆಲ್ಲ ಸೋಲಾರ್ ಕಂಪನಿಗೆ ಗುತ್ತಿಗೆ ಕೊಟ್ಟ ಮೇಲೆ ಊರಿನವರೆಲ್ಲ ಜಮೀನ್ದಾರರಾಗಿದ್ದರು, ಆದರೆ ಕಾಲಿಡಲು ಯಾರಿಗೂ ಜಮೀನಿರಲಿಲ್ಲ. ವರ್ಷಕ್ಕೊಮ್ಮೆ ಗುತ್ತಿಗೆ ಹಣ ಬ್ಯಾಂಕಿಗೆ ಬೀಳುತ್ತಿತ್ತು. ಅದು ಬಿದ್ದ ದಿನ ಒಂದಿಷ್ಟು ಮಾತು, ಉಳಿದ ದಿನವೆಲ್ಲ ಮೌನ. ಬಿತ್ತನೆಯ ಮಾತಿಲ್ಲ, ಹಂದಿ ಕಾಟದ ಮಾತಿಲ್ಲ. ಮಳೆ ಬಂದರೆ ಒಣಹಾಕಿದ ಬಟ್ಟೆ ಎತ್ತಿಡುವುದಷ್ಟೇ ಕೆಲಸ. ಬೆಂಚಿನ ಮೇಲೆ ಸಾಲಾಗಿ ಕೂತು ಒಬ್ಬೊಬ್ಬರೂ ತಂತಮ್ಮ ಮೊಬೈಲಿಗೆ ತಲೆ ಬಗ್ಗಿಸಿಕೊಂಡಿರುತ್ತಿದ್ದರು.

ತಿಪ್ಪಯ್ಯನ ಹತ್ತಿರ ಇದ್ದದ್ದು ಬಟನ್ ಒತ್ತುವ ಹಳೇ ಫೋನು. ಅದಕ್ಕೆ ಸಿಮ್ ಕಂಪನಿಯವರ ರೆಕಾರ್ಡು ದನಿಯ ಹುಡುಗಿ ಬಿಟ್ಟು ಬೇರೆ ಯಾರೂ ಕರೆ ಮಾಡುತ್ತಿರಲಿಲ್ಲ. ಹೆಂಡತಿ ಬೊಮ್ಮಕ್ಕ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಎಷ್ಟೋ ದಿನ ಅವನ ಬಾಯಿಂದ ಹೊರಡುತ್ತಿದ್ದ ಮಾತೆಂದರೆ "ಮಂಗ್ಳಾ, ಒಂದು ಟೀ, ಸಕ್ಕರೆ ಕಮ್ಮಿ" ಎಂಬುದಷ್ಟೇ. ಸಂಜೆ ಮನೆಗೆ ಹೋಗಿ ಬೀಗ ತೆಗೆಯುವಾಗ "ಬಂದೆ ಕಣೇ" ಅನ್ನುವ ಹಳೇ ರೂಢಿಯನ್ನು ಮಾತ್ರ ಬಿಟ್ಟಿರಲಿಲ್ಲ. ಒಳಗಿಂದ ಯಾರೂ ಹೂಂ ಅನ್ನುತ್ತಿರಲಿಲ್ಲ.

ಅವನಿಗೆ ಭೂಮಿಯ ಮೇಲೆ ಉಳಿದಿದ್ದ ಒಂದೇ ನೆಂಟಸ್ತನ ಓಬಳರಾಜುವಿನ ಜೊತೆಗಿನ ಜಗಳ. ಅದೂ ಕಡಿದುಹೋಗಿತ್ತು.

ಇಬ್ಬರ ಹೊಲಗಳ ನಡುವೆ ಒಂದು ಬದುವಿತ್ತು. ಪ್ರತಿ ವರ್ಷ ಮೊದಲ ಮಳೆ ಬಿದ್ದೊಡನೆ ಉಳುವಾಗ ತಿಪ್ಪಯ್ಯ ಈ ಕಡೆಯಿಂದ ಬದುವನ್ನು ಒಂದು ಸಾಲು ಕೆರೆಯುತ್ತಿದ್ದ. ಮಾರನೇ ದಿನ ಓಬಳರಾಜು ಆ ಕಡೆಯಿಂದ ಒಂದು ಸಾಲು ಕೆರೆಯುತ್ತಿದ್ದ. ಬದು ಬಡವಾಗುತ್ತಾ ಹೋಯಿತು, ಜಗಳ ಕೊಬ್ಬುತ್ತಾ ಹೋಯಿತು. ಹುಣಸೆ ಹಣ್ಣು ಉದುರುವ ಕಾಲಕ್ಕಂತೂ ಇಬ್ಬರೂ ಸೂರ್ಯ ಹುಟ್ಟುವ ಮೊದಲೇ ಮರದ ಕೆಳಗೆ ಹಾಜರು. ಬೊಮ್ಮಕ್ಕ ಬುತ್ತಿ ಕಟ್ಟುವಾಗ "ಜಗಳ ಆಡ್ಬೇಕಲ್ಲ, ಇನ್ನೊಂದು ಮುದ್ದೆ ಇಟ್ಟಿವ್ನಿ" ಅನ್ನುತ್ತಿದ್ದಳು. ಒಮ್ಮೆ ತಿಪ್ಪಯ್ಯ ಚಳಿಜ್ವರ ಬಂದು ಮಲಗಿದಾಗ ಓಬಳರಾಜು ಮನೆ ಬಾಗಿಲಿಗೇ ಬಂದು, "ಯಾಕ್ಲಾ ತಿಪ್ಪಾ, ಎಲ್ಡು ದಿನದಿಂದ ಹೊಲದ ಕಡೆ ಬರ್ಲಿಲ್ಲ? ನಾನೊಬ್ನೇ ಎಷ್ಟೂಂತ ಬಯ್ಕೊಳ್ಳಾನ?" ಎಂದು ರೇಗಿ ಹೋಗಿದ್ದ. ಹೋಗುವಾಗ ಜಗಲಿಯ ಮೇಲೆ ಎರಡು ಎಳನೀರು ಇಟ್ಟು ಹೋಗಿದ್ದ.

ವ್ಯಾಜ್ಯ ಪಾವಗಡದ ಕೋರ್ಟಿಗೂ ಹೋಗಿತ್ತು. ವಾಯಿದೆ ದಿನ ಇಬ್ಬರೂ ಒಂದೇ ಬಸ್ಸಿಗೆ ಹೋಗಿ, ಒಂದೇ ಹೋಟೆಲಲ್ಲಿ ಬೇರೆ ಬೇರೆ ಮೇಜಿಗೆ ಕೂತು ಇಡ್ಲಿ ತಿಂದು, ಕೋರ್ಟಲ್ಲಿ ಬಾಯಿಗೆ ಬಂದಂತೆ ಬೈದಾಡಿ, ಅದೇ ಬಸ್ಸಿಗೆ ಮರಳುತ್ತಿದ್ದರು. ಅಷ್ಟರಲ್ಲಿ ಕಂಪನಿ ಬಂತು. ತಕರಾರಿರುವ ಜಮೀನು ನಮಗೆ ಬೇಡ ಅಂದಿತು. ಇಬ್ಬರೂ ಮುಖ ಮುಖ ನೋಡಿಕೊಂಡು, ಯಾವ ತಕರಾರೂ ಇಲ್ಲ ಅಂತ ಸಹಿ ಹಾಕಿದರು. ಜಡ್ಜುಗಳು ವರ್ಷಗಟ್ಟಲೆ ಬಗೆಹರಿಸಲಾಗದ್ದು ಒಂದು ಮಧ್ಯಾಹ್ನದಲ್ಲಿ ಬಗೆಹರಿಯಿತು. ಆಮೇಲೆ ಜೆಸಿಬಿ ಬಂದು ಬದು, ಮರ, ಗಡಿ ಗುರುತಿನ ಬಾಂದು ಕಲ್ಲು ಎಲ್ಲವನ್ನೂ ಸಪಾಟು ಮಾಡಿತು. ಸಪಾಟಾದ ನೆಲದ ಮೇಲೆ ಸಾಲುಸಾಲಾಗಿ ಸೋಲಾರ್ ಪ್ಲೇಟುಗಳು ಎದ್ದು ನಿಂತವು. ಅಂದಿನಿಂದ ತಿಪ್ಪಯ್ಯನಿಗೂ ಓಬಳರಾಜುವಿಗೂ ಮಾತಾಡಲು ಬೇರೆ ವಿಷಯವೇ ಇರಲಿಲ್ಲ. ಎದುರಾದರೆ ಒಬ್ಬರನ್ನೊಬ್ಬರು ನೋಡಿ ತಲೆ ಆಡಿಸುವುದು, ಅಷ್ಟೇ.

ಹೀಗಿರುವಾಗ ಅವತ್ತು ಬೆಳಗ್ಗೆ ಓಬಳರಾಜು ಹೋಟೆಲಿಗೆ ಬಂದವನು ಬೇರೆ ಬೆಂಚೆಲ್ಲ ಖಾಲಿ ಇದ್ದರೂ ತಿಪ್ಪಯ್ಯನ ಎದುರಿಗೇ ಕೂತ. ಟವಲಿನಿಂದ ಮುಖ ಒರೆಸಿಕೊಂಡು, ಯಾರನ್ನೂ ನೋಡದೆ, ಗಟ್ಟಿಯಾಗಿ ಹೇಳಿದ.

"ನಮ್ಮ ಹುಣ್ಸೆ ಮರ ಇದ್ದಿದ್ರೆ ಈ ವರ್ಸ ಏನ್ ಕಾಯಿ ಬುಡ್ತಿತ್ತೋ."

ತಿಪ್ಪಯ್ಯ ಟೀ ಲೋಟ ಕೆಳಗಿಟ್ಟದ್ದು ಆಗಲೇ.

"ಯಾರ ಮರ?"

"ನಮ್ಮ ಮರ."

"ಯಾವ ಬದಿನ ಮ್ಯಾಲಿತ್ತು?"

"ನಮ್ಮ ಬದಿನ ಮ್ಯಾಲೆ."

"ಲೇ ಓಬ್ಳಾ! ಎಲ್ಡು ಕಣ್ಣೂ ಕಾಣ್ತಾ ಅವೋ ಇಲ್ವೋ? ಅದು ನಮ್ಮಪ್ಪ ಹಾಕಿದ್ ಬದ ಕಣ್ಲಾ!"

"ನಿಮ್ಮಪ್ಪ ಹಾಕಿದ್ದು ಬಾಯಿ. ಬದ ಹಾಕಿದ್ದು ನಮ್ಮಪ್ಪ."

ಮೊಬೈಲುಗಳು ಜೇಬಿಗಿಳಿದವು. ಒಲೆಯ ಮುಂದಿದ್ದ ಮಂಗಳಾ ಸೌಟು ಹಿಡಿದೇ ಹೊರಗೆ ಬಂದಳು. ಊರಿನ ಯಾವ ತಕರಾರಿಗೂ ತನ್ನನ್ನು ಬಿಟ್ಟರೆ ಪಂಚಾಯ್ತಿ ಮಾಡುವವರಿಲ್ಲ ಎಂದು ನಂಬಿದ್ದ ಸಿದ್ದಗಂಗಯ್ಯ, ಬಹಳ ದಿನದಿಂದ ಕೆಲಸವಿಲ್ಲದೆ ತುಕ್ಕು ಹಿಡಿದಿದ್ದವನು, ಇಬ್ಬರ ನಡುವೆ ಬಂದು ನಿಂತು ಪಂಚೆ ಬಿಗಿಮಾಡಿಕೊಂಡ.

"ತಡೀರಯ್ಯ. ಬಾಯಲ್ಲೇ ಬದ ಕಟ್ಟಿದ್ರೆ ಆಯ್ತಾ? ತಿಪ್ಪಯ್ಯಾ, ನಿಂದು ಅನ್ನಾಕೆ ಸಾಕ್ಷಿ ಏನೈತೆ?"

"ಇದ್ಲು ಐತೆ ಕಣಯ್ಯ!"

ಆ ಸೀಮೆಯಲ್ಲಿ ಹಿಂದಿನವರು ಬಾಂದು ಕಲ್ಲು ನೆಡುವಾಗ ಗುಂಡಿಯ ತಳಕ್ಕೆ ಒಂದಿಷ್ಟು ಇದ್ದಿಲು ಸುರಿಯುತ್ತಿದ್ದರು. ಕಲ್ಲನ್ನು ಯಾರಾದರೂ ರಾತ್ರೋರಾತ್ರಿ ಕಿತ್ತು ಆಚೆಗೆ ನೆಡಬಹುದು, ಆದರೆ ಇದ್ದಿಲು ಮಣ್ಣಿನಲ್ಲಿ ಕೊಳೆಯುವುದಿಲ್ಲ, ಸುಳ್ಳೂ ಹೇಳುವುದಿಲ್ಲ ಎಂಬ ನಂಬಿಕೆ.

"ನಮ್ಮಪ್ಪ ಕಲ್ಲು ನೆಟ್ಟಾಗ ಒಂದು ಕುಕ್ಕೆ ಇದ್ಲು ಸುರ್ದವ್ನೆ. ನಾನೇ ಹೊತ್ಕೊಂಡೋಗಿದ್ದು. ಕಲ್ಲು ಹೋಗಿರ್ಬೋದು, ಇದ್ಲು ಎಲ್ಲೋಗ್ತದೆ?"

"ಹಂಗಾರೆ ತಂದು ತೋರ್ಸು," ಅಂದ ಓಬಳರಾಜು. ಅವನ ಮುಖದಲ್ಲಿ ಎಂಥದೋ ಗೆಲುವು ಇತ್ತು. "ಸಾಯಂಕಾಲದೊಳಗೆ ತಂದು ತೋರ್ಸು, ಮರ ನಿಂದೇ ಅಂತೀನಿ."

ತಿಪ್ಪಯ್ಯ ಟವಲು ಹೆಗಲಿಗೆ ಎಸೆದು ಹೊರಟ. ಸಿಟ್ಟಿನಿಂದ ಹೊರಟಂತೆ ಕಂಡಿತು. ನಿಜಕ್ಕೂ ಅವನ ಒಳಗೆ ಹಬ್ಬ ನಡೆದಿತ್ತು. ಇದ್ದಿಲು ತಂದು ಮುಂದಿಟ್ಟರೆ ಓಬಳರಾಜು ಒಪ್ಪುತ್ತಾನೆಯೇ? ಒಪ್ಪಿದರೆ ಅವನು ಓಬಳರಾಜು ಹೇಗಾದಾನು? ಇದು ನಿಮ್ಮನೆ ಒಲೆ ಇದ್ದಿಲು ಅಂತಾನೆ. ನಾನು ಅಲ್ಲ ಅಂತೀನಿ. ನಾಳೆ ಬೆಳಗ್ಗೆ ಮತ್ತೆ ಶುರು, ನಾಡಿದ್ದು ಮತ್ತೆ. ಸರಿಯಾಗಿ ನೋಡಿಕೊಂಡರೆ ಒಂದು ವರ್ಷ ಮಾತಿಗೆ ಬರವಿಲ್ಲ. ಆ ಇದ್ದಿಲೊಂದು ಸಿಕ್ಕಿಬಿಟ್ಟರೆ ಸಾಕು.

ಕಂಪನಿಯ ಗೇಟಿನಲ್ಲಿ ಶಿರಾ ಕಡೆಯ ಗಾರ್ಡೊಬ್ಬ ಕುರ್ಚಿ ಹಾಕಿಕೊಂಡು ಕೂತಿದ್ದ.

"ಎಲ್ಲಿಗೆ ಚಾಚಾ?"

"ನನ್ನ ಹೊಲಕ್ಕೆ."

"ಪಾಸ್?"

"ನನ್ನ ಹೊಲಕ್ಕೆ ನಾನೋಗಾಕೆ ಯಾತರ ಪಾಸಯ್ಯ?"

"ಯಾವ ಬ್ಲಾಕು ನಿಮ್ದು?"

"ಬ್ಲಾಕು ಗೀಕು ಗೊತ್ತಿಲ್ಲ. ಗುಂಡುಬಂಡೆ ಮೂಲೆ ಹೊಲ."

ಗಾರ್ಡು ನಕ್ಕ. ಒಳಗೆ ಗುಂಡೂ ಇರಲಿಲ್ಲ, ಬಂಡೆಯೂ ಇರಲಿಲ್ಲ, ಮೂಲೆ ಎಂಬುದು ಎಲ್ಲಿಂದ ಬರಬೇಕು? "ಅರೆ ಚಾಚಾ, ನೀವು ಮಾಲೀಕರು, ಒಪ್ಕೊಂಡೆ. ಮಾಲೀಕರಿಗೆ ಒಳಗೆ ಏನ್ ಕೆಲ್ಸ? ಕಂಪ್ನಿಗೆ ಬಾಡಿಗೆ ಕೊಟ್ಟೀರಾ. ಜಾಗ ನಿಮ್ದು, ಕಬ್ಜಾ ನಮ್ದು."

"ಮುದ್ದೆ ನಂದು, ಉಣ್ಣೋದು ನೀವು ಅಂದಂಗಾಯ್ತು."

"ಹಂಗೇ ಅನ್ಕೊಳ್ಳಿ. ಕೂಲಿಗೆ ಬಂದೋರನ್ನ ಬಿಡ್ತೀನಿ, ಮಾಲೀಕರನ್ನ ಬಿಟ್ರೆ ನನ್ ನೌಕ್ರಿ ಹೋಗ್ತದೆ."

ಸರಿಯಾಗಿ ಆ ಹೊತ್ತಿಗೆ ಹುಲ್ಲು ಕೊಯ್ಯುವ ಹೆಂಗಸರನ್ನು ತುಂಬಿಕೊಂಡ ಟೆಂಪೋ ಬಂದು ನಿಂತಿತು. ಅವರ ಮೇಸ್ತ್ರಿ ಕೆಂಚಮ್ಮ ತಿಪ್ಪಯ್ಯನಿಗೆ ಗುರುತಿದ್ದವಳೇ. ಆಂಧ್ರದ ಗಡಿಯ ಹೆಂಗಸು, ಅರ್ಧ ತೆಲುಗು, ಅರ್ಧ ಕನ್ನಡ. ವಯಸ್ಸಾದ ಗಂಡಸರನ್ನೆಲ್ಲ ತೆಲುಗಿನ ಮರ್ಯಾದೆಯಲ್ಲಿ 'ಪೆದ್ದಾಯನಾ' ಅನ್ನುತ್ತಿದ್ದಳು. ಅವನ ಸಂಕಟ ಕೇಳಿ ಅವಳು ಗಾರ್ಡಿನ ಮುಂದೆಯೇ ತೀರ್ಪು ಕೊಟ್ಟಳು.

"ಅದಕ್ಕೇನ್ ಪೆದ್ದಾಯನಾ! ಇವತ್ತು ನಮ್ಮ ರಂಗಮ್ಮ ಬಂದಿಲ್ಲ. ಅವಳ ಕೋಟು ಹಾಕ್ಕೋ, ಕೂಲಿ ಆಗ್ಬುಡು. ರಾ, ರಾ, ಟೆಂಪೋ ಎಕ್ಕು!"

ಹೀಗೆ ಗುಂಡುಬಂಡೆ ಮೂಲೆ ಹೊಲದ ಮಾಲೀಕ, ರಂಗಮ್ಮನ ಕೇಸರಿ ಕೋಟು ತೊಟ್ಟು, ತಲೆಗೆ ಹಳದಿ ಟೋಪಿ ಇಟ್ಟು, ಕೂಲಿಯಾಗಿ ತನ್ನ ಜಮೀನಿಗೆ ಹೊರಟ. ಕೋಟು ಹೊಟ್ಟೆಯ ಹತ್ತಿರ ಬಿಗಿಯಾಗುತ್ತಿತ್ತು. ಗಾರ್ಡು ತಾನು ಏನೂ ನೋಡಿಲ್ಲವೆಂಬಂತೆ ಆಕಾಶ ನೋಡಿದ.

ಒಳಗೆ ಹೋದ ಮೇಲೆ ತಿಪ್ಪಯ್ಯನ ಉತ್ಸಾಹ ಸ್ವಲ್ಪ ಇಳಿಯಿತು. ಎಲ್ಲಿ ನೋಡಿದರೂ ಪ್ಲೇಟು. ಮುಂದೆ ಪ್ಲೇಟು, ಹಿಂದೆ ಪ್ಲೇಟು, ಎಲ್ಲವೂ ಒಂದೇ ಕಡೆಗೆ ಮುಖ ಮಾಡಿಕೊಂಡು ಯಾರನ್ನೋ ಕಾಯುತ್ತಿರುವ ಹಾಗೆ ನಿಂತಿದ್ದವು. ಕಣ್ಣು ಕಟ್ಟಿ ಬಿಟ್ಟರೂ ತನ್ನ ಹೊಲಕ್ಕೆ ನಡೆದು ಹೋಗುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದವನಿಗೆ ಕಣ್ಣು ಬಿಟ್ಟುಕೊಂಡೇ ದಾರಿ ತಿಳಿಯಲಿಲ್ಲ. ಬೊಮ್ಮಕ್ಕ ಬುತ್ತಿ ಇಡುತ್ತಿದ್ದ ನೆರಳು ಎಲ್ಲಿತ್ತು? ಎತ್ತಿಗೆ ನೀರು ತೋರಿಸುತ್ತಿದ್ದ ಕುಂಟೆ ಎಲ್ಲಿತ್ತು? ಇಷ್ಟು ವರ್ಷ ಬೇಲಿಯ ಆಚೆ ನಿಂತು, ಒಳಗೆ ತನ್ನ ಹೊಲ ಇದ್ದ ಹಾಗೇ ಇದೆ, ಮೇಲೆ ಪ್ಲೇಟು ಮುಚ್ಚಿದೆ ಅಷ್ಟೇ ಎಂದುಕೊಂಡಿದ್ದ. ಹಾಗಿರಲಿಲ್ಲ.

ಕೊನೆಗೆ ಬೆಟ್ಟ ನೆನಪಾಯಿತು. ಬೆಟ್ಟವನ್ನು ಯಾವ ಜೆಸಿಬಿಯೂ ಸಪಾಟು ಮಾಡಿರಲಿಲ್ಲ. ಬದುವಿನ ಮೇಲೆ ನಿಂತರೆ ಪಾವಗಡದ ಬೆಟ್ಟದ ತುದಿ ಊರ ಹನುಮಂತರಾಯನ ಗುಡಿಯ ಗೋಪುರಕ್ಕೆ ಸರಿಯಾಗಿ ನೆತ್ತಿಯ ಮೇಲೆ ಬರುತ್ತಿತ್ತು. ತಿಪ್ಪಯ್ಯ ಒಂದು ಕಣ್ಣು ಮುಚ್ಚಿಕೊಂಡು, ಅಡ್ಡಡ್ಡ ಏಡಿಯ ಹಾಗೆ ನಡೆಯುತ್ತಾ, ಕತ್ತು ಆಡಿಸುತ್ತಾ ಗುರಿ ಹಿಡಿದ. ಹುಲ್ಲು ಕೊಯ್ಯುತ್ತಿದ್ದ ಹೆಂಗಸರು ಇವನಿಗೆ ದೇವರು ಬಂತೆಂದು ಒಂದು ಗಳಿಗೆ ಕೈಮುಗಿದು ನಿಂತರು.

"ಸಿಕ್ತು! ಇಲ್ಲೇ ಕಣಮ್ಮ! ನನ್ನ ಬದ ಇಲ್ಲೇ!"

ಕೆಂಚಮ್ಮನ ಗುದ್ದಲಿ ಇಸಿದುಕೊಂಡು ಅಗೆಯತೊಡಗಿದ. ಒಂದು ಮೊಳ ಅಗೆದ, ಕೆಂಪು ಮಣ್ಣು. ಇನ್ನೊಂದಿಷ್ಟು ಅಗೆದ, ಗರಸು. ಬೆವರು ರಂಗಮ್ಮನ ಕೋಟನ್ನು ನೆನೆಸಿತು. ಇನ್ನೊಂದು ಚೂರು ಕೆದಕಿದಾಗ ಮಣ್ಣಿನ ನಡುವೆ ಕರ್ರಗೆ ಏನೋ ಇಣುಕಿತು.

ತಿಪ್ಪಯ್ಯ "ಇದ್ಲು!" ಎಂದು ಕಿರುಚಿ, ಅದರ ಸುತ್ತಲಿನ ಮಣ್ಣು ಬಿಡಿಸಲು ಇರುವ ಬಲವನ್ನೆಲ್ಲ ಹಾಕಿ ಗುದ್ದಲಿ ಬೀಸಿದ. ಕಟ್ ಎಂಬ ಸದ್ದಾಯಿತು. ಕರಿಯ ವಸ್ತು ಎರಡು ತುಂಡಾಗಿ ಒಳಗಿಂದ ಕೆಂಪು, ಹಸಿರು, ಹಳದಿ ನರಗಳು ಹೊರಬಂದವು. ದೂರದ ಕಂಬದಲ್ಲಿ ಸೈರನ್ನು ಊಳಿಡತೊಡಗಿತು.

"ಇದ್ಲಲ್ಲ ಪೆದ್ದಾಯನಾ," ಅಂದಳು ಕೆಂಚಮ್ಮ, ಗುಂಡಿಗೆ ಬಗ್ಗಿ ನೋಡಿ. "ವೈರು. ಅಯ್ಯಯ್ಯೋ, ನಮ್ಮ ಕೂಲಿಗೂ ಮಣ್ಣು ಹಾಕ್ದೆ."

ಜೀಪು ಧೂಳೆಬ್ಬಿಸಿಕೊಂಡು ಬಂತು. ಅದರಿಂದ ಇಳಿದವಳು ಎಂಜಿನಿಯರ್ ಲೋಹಿತಾ, ಕೊರಟಗೆರೆ ತಾಲ್ಲೂಕಿನ ಕೊಳಾಲದವಳು, ಇನ್ನೂ ಎಳೇ ವಯಸ್ಸು. ಗುಂಡಿ ನೋಡಿದಳು, ವೈರು ನೋಡಿದಳು, ಹೆಂಗಸಿನ ಕೋಟು ತೊಟ್ಟ ಮುದುಕನನ್ನು ನೋಡಿದಳು.

"ಏನಿದು ತಾತ?"

"ಇದ್ಲು ಹುಡುಕ್ತಿದ್ದೆ ತಾಯಿ."

"ಪುಣ್ಯಕ್ಕೆ ಇದು ಕ್ಯಾಮೆರಾ ವೈರು. ಪಕ್ಕದ್ದು ಕಡಿದಿದ್ದರೆ ನೀವೇ ಇದ್ದಿಲಾಗ್ತಿದ್ರಿ." ಅವಳು ಅವನ ತೋಳು ಹಿಡಿದು ಗುಂಡಿಯಿಂದ ದೂರ ಸರಿಸಿದಳು. "ಯಾರು ನೀವು? ಯಾಕೆ ಇಲ್ಲಿ ಅಗೀತಿದೀರಿ?"

ತಿಪ್ಪಯ್ಯ ಎದೆ ಸೆಟೆಸಿದ. "ಇದು ನನ್ನ ಸ್ವಂತ ಜಮೀನು."

ಲೋಹಿತಾ ಕೆಂಚಮ್ಮನಿಂದ ಅವನ ಹೆಸರು ಕೇಳಿಕೊಂಡು, ಕೈಯಲ್ಲಿದ್ದ ಟ್ಯಾಬಿನಲ್ಲಿ ನಕಾಶೆ ತೆಗೆದು, ಬೆರಳಿನಿಂದ ಹಿಗ್ಗಿಸಿ ನೋಡಿದಳು. "ನಿಮ್ಮ ಹೆಸರು ತಿಪ್ಪಯ್ಯ ತಾನೆ? ನಿಮ್ಮ ಜಮೀನು ಆ ಕಡೆ ನಾಲ್ಕು ಸಾಲು ಆಚೆ. ನೀವು ನಿಂತಿರೋದು ಓಬಳರಾಜು ಅನ್ನೋರ ಜಮೀನಲ್ಲಿ."

"ನಿಮ್ಮ ಡಬ್ಬಿ ಸುಳ್ಳು ಹೇಳ್ತದೆ! ಬೆಟ್ಟ ಸುಳ್ಳು ಹೇಳ್ತದಾ?"

"ತಾತ, ಸರಿಯಾಗಿ ಕೇಳಿಸ್ಕೊಳ್ಳಿ. ಜಮೀನಿನವರೇ ತಿಳೀದೆ ಅಗೆದರು ಅಂತಾದರೆ ಎಚ್ಚರಿಕೆ ಕೊಟ್ಟು ಕಳಿಸಬಹುದು. ಇನ್ನೊಬ್ಬರ ಜಮೀನಿಗೆ ನುಗ್ಗಿ ಅಗೆದಿದ್ದೀರಿ ಅಂದರೆ ನಾನು ಪೊಲೀಸಿಗೆ ಕಂಪ್ಲೇಂಟ್ ಕೊಡಲೇಬೇಕು. ಆ ಓಬಳರಾಜು ಬಂದು ಏನು ಹೇಳ್ತಾರೋ ನೋಡೋಣ."

ಜೀಪು ಓಬಳರಾಜುವನ್ನು ಕರೆತರಲು ಊರಿಗೆ ಹೋಯಿತು. ತಿಪ್ಪಯ್ಯ ಒಂದು ಪ್ಲೇಟಿನ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತ. ಕೆಂಚಮ್ಮ ನೀರಿನ ಬಾಟಲಿ ಕೊಟ್ಟು ಪಾಪ ಅನ್ನುವಂತೆ ನೋಡಿದಳು. ಆದರೆ ಅವನಿಗೆ ಹೆದರಿಕೆಯಿರಲಿಲ್ಲ. ಹೆದರಿಕೆ ಹಾಗಿರಲಿ, ಎಷ್ಟೋ ವರ್ಷದಿಂದ ಇಷ್ಟು ಸುಖವಾಗಿ ಅವನು ಕೂತಿರಲಿಲ್ಲ. ಓಬಳರಾಜು ಬರುತ್ತಾನೆ. ಕಳ್ಳ, ನನ್ನ ಹೊಲಕ್ಕೆ ನುಗ್ಗಿದ್ದಾನೆ, ಒದ್ದು ಒಳಗೆ ಹಾಕಿ ಅಂತಾನೆ. ಕೇಸಾಗುತ್ತದೆ. ಆಗಲಿ! ಮತ್ತೆ ಪಾವಗಡದ ಬಸ್ಸು, ಮತ್ತೆ ವಾಯಿದೆ, ಮತ್ತೆ ಆ ಹೋಟೆಲಿನ ಇಡ್ಲಿ. ಒಬ್ಬನೇ ಮನೆಯಲ್ಲಿ ಗೋಡೆ ನೋಡುತ್ತಾ ಕೂರುವುದಕ್ಕಿಂತ ಓಬಳರಾಜುವಿನ ಎದುರು ಕಟಕಟೆಯಲ್ಲಿ ನಿಲ್ಲುವುದು ಸಾವಿರ ಪಾಲು ಮೇಲು. ಹನುಮಂತರಾಯಾ, ಅವನ ಬಾಯಲ್ಲಿ ಕೆಟ್ಟ ಮಾತನ್ನೇ ಆಡಿಸಪ್ಪಾ ಎಂದು ತಿಪ್ಪಯ್ಯ ಗುಡಿಯ ಕಡೆಗೆ ತಿರುಗಿ ಕೈಮುಗಿದ.

ಜೀಪು ಮರಳಿದಾಗ ಅದರ ಬಾನೆಟ್ಟು ಬಿಟ್ಟು ಎಲ್ಲ ಕಡೆ ಜನ ತುಂಬಿದ್ದರು. ಸಿದ್ದಗಂಗಯ್ಯ ಡ್ರೈವರಿನ ಪಕ್ಕದಲ್ಲಿ ಕೂತಿದ್ದ. ಮಂಗಳಾ ಹೋಟೆಲಿಗೆ ಬಾಗಿಲು ಹಾಕಿ ಬಂದಿದ್ದಳು. ಈ ನೆಪದಲ್ಲಾದರೂ ತಂತಮ್ಮ ಹೊಲ ಕಾಣಬಹುದೆಂದು ಬಂದ ಇನ್ನೊಂದಿಷ್ಟು ಜನ ಇಳಿದೊಡನೆ ಕತ್ತು ಚಾಚಿ ಸುತ್ತ ನೋಡತೊಡಗಿದರು. ಎಲ್ಲರಿಗಿಂತ ಕೊನೆಗೆ ಓಬಳರಾಜು ಇಳಿದ.

ಲೋಹಿತಾ ಎಲ್ಲವನ್ನೂ ವಿವರಿಸಿ ಹೇಳಿದಳು. "ಈಗ ನೀವು ಹೇಳಿ. ಈ ಜಾಗ ಯಾರದು?"

ಓಬಳರಾಜು ಗುಂಡಿಯ ಹತ್ತಿರ ಬಂದ. ತಿಪ್ಪಯ್ಯ ಎದ್ದು ನಿಂತು, ಬೈಗುಳಕ್ಕೆ ಉತ್ತರ ಕೊಡಲು ಉಸಿರು ತುಂಬಿಕೊಂಡ. ಓಬಳರಾಜು ಅವನ ಕೋಟು ನೋಡಿದ, ಟೋಪಿ ನೋಡಿದ, ಮಣ್ಣಾದ ಕೈ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ.

"ಈ ಜಾಗ ಇವಂದೇ ಮೇಡಂ."

"ನಕಾಶೆಯಲ್ಲಿ ನಿಮ್ಮದು ಅಂತಿದೆಯಲ್ಲ?"

"ನಕಾಸೆ ಬರ್ದೋರಿಗೇನ್ ಗೊತ್ತು? ಬದ ಇಲ್ಲೇ ಇತ್ತು. ಬದಾನೂ ಇವಂದೇ. ಅದರ ಮ್ಯಾಲಿದ್ದ ಹುಣ್ಸೆ ಮರಾನೂ ಇವಂದೇ. ಇಷ್ಟು ವರ್ಸ ನಾನು ಸುಮ್ಕೆ ಕ್ಯಾತೆ ತೆಗೀತಿದ್ದೆ."

ತಿಪ್ಪಯ್ಯನ ಎದೆಯಲ್ಲಿ ತುಂಬಿಕೊಂಡಿದ್ದ ಉಸಿರು ಪುಸ್ಸೆಂದು ಇಳಿದುಹೋಯಿತು.

"ಸುಳ್ಳು!" ಎಂದು ಅವನು ಕೂಗಿದ. "ತಾಯಿ, ಇವ್ನು ಸುಳ್ಳು ಹೇಳ್ತಾವ್ನೆ! ಈ ಜಾಗ ಇವಂದೇ. ನಾನೇ ನುಗ್ಗಿರಾದು. ಪೊಲೀಸ್ನೋರ್ನ ಕರೀರಿ!"

"ಅಲ್ಲ ಮೇಡಂ, ಇವಂದು."

"ಅಲ್ಲ, ಇವಂದು!"

ಸಿದ್ದಗಂಗಯ್ಯನಿಗೆ ತಲೆ ಗಿರ್ರೆಂದಿತು. ಅವನ ಇಡೀ ಪಂಚಾಯ್ತಿ ಜೀವನದಲ್ಲಿ ಇಂಥ ವ್ಯಾಜ್ಯ ಬಂದಿರಲಿಲ್ಲ. "ಲೇ ತಿಪ್ಪಯ್ಯಾ, ಬೆಳಿಗ್ಗೆ ಬದ ನಂದು ಅಂತ ಹಾರಾಡ್ದೆ. ಈಗ ಬದಾನೂ ಅವಂದೇ ಅಂತೀಯಾ?"

ತಿಪ್ಪಯ್ಯ ತಬ್ಬಿಬ್ಬಾದ. ಎಷ್ಟಾದರೂ ಅಪ್ಪ ಹಾಕಿದ ಬದು, ಬಾಯಿಬಿಟ್ಟು ಕೊಡಲು ನಾಲಿಗೆ ಏಳಲಿಲ್ಲ.

"ಬದ ನಂದೇ," ಅಂದ. "ಆದ್ರೆ ಅವ್ನು ಒಪ್ಪಬಾರ್ದು!"

ಮುದುಕನಿಗೆ ಬಿಸಿಲು ತಲೆಗೇರಿದೆ ಎಂದು ಲೋಹಿತಾಳಿಗೆ ಖಾತ್ರಿಯಾಯಿತು. ಜಮೀನಿನವರೇ ತಿಳಿಯದೆ ಅಗೆದದ್ದು, ಇನ್ನೊಮ್ಮೆ ಹೀಗೆ ಮಾಡಕೂಡದು ಎಂದು ಎಲ್ಲರ ಎದುರಿಗೆ ಹೇಳಿ, ಅವನಿಂದ ಹೂಂ ಅನ್ನಿಸಿಕೊಂಡು ವಿಷಯ ಮುಗಿಸಿದಳು. ಕೆಂಚಮ್ಮ ರಂಗಮ್ಮನ ಕೋಟು ಬಿಚ್ಚಿಸಿಕೊಂಡಳು. ಊರಿನವರು ಓಬಳರಾಜುವನ್ನು ಸುತ್ತುವರಿದರು. ದೊಡ್ಡ ಮನಸ್ಸು ಕಣಯ್ಯ ನಿಂದು ಎಂದು ಒಬ್ಬ, ಧರ್ಮರಾಯ ಎಂದು ಇನ್ನೊಬ್ಬ. ಮಂಗಳಾ ಕಣ್ಣೊರೆಸಿಕೊಂಡಳು. "ತಿಪ್ಪಯ್ಯ ಮಾವ, ನಿಂಗೆ ಅಂತೂ ನ್ಯಾಯ ಸಿಕ್ತು ಬುಡು" ಎಂದು ಇವನ ಬೆನ್ನು ತಟ್ಟಿದಳು. ಗೆದ್ದವನ ಮುಖ ಸಾವಿನ ಮನೆಯಿಂದ ಬಂದವನ ಹಾಗಿರುವುದನ್ನು ಯಾರೂ ಗಮನಿಸಲಿಲ್ಲ.

ಜೀಪು ತುಂಬಿ ಹೊರಟಿತು. ಜಾಗವಿಲ್ಲದೆ ಉಳಿದವರು ಇಬ್ಬರೇ. ಗೇಟು ದಾಟಿ, ಬೇಲಿಯ ಪಕ್ಕದ ಮಣ್ಣುದಾರಿಯಲ್ಲಿ ತಿಪ್ಪಯ್ಯ ಮತ್ತು ಓಬಳರಾಜು ನಡೆಯುತ್ತಾ ಬಂದರು. ಸೂರ್ಯ ಇಳಿಯುತ್ತಿದ್ದ.

"ಯಾಕ್ಲಾ ಓಬ್ಳಾ ಹಂಗಂದೆ?" ತಿಪ್ಪಯ್ಯ ಕೊನೆಗೂ ಕೇಳಿದ. "ಕೋರ್ಟಲ್ಲಿ ಬಗ್ಗದೋನು ಇವತ್ತು ಯಾಕೆ ಬುಟ್ಕೊಟ್ಟೆ? ನಿನ್ ಬದ ಅಲ್ವೇನ್ಲಾ ಅದು?"

"ಈಗ ನಂದಲ್ಲ ಕಣ್ಲಾ."

"ಅಂದ್ರೆ?"

"ಮೊನ್ನೆ ರಿಜಿಸ್ಟ್ರಾಯ್ತು. ಹೊಲ ಮಾರ್ಬುಟ್ಟೆ." ಓಬಳರಾಜು ಬೇಲಿಯ ಕಡೆ ನೋಡುತ್ತಾ ಹೇಳಿದ. "ನಂದಲ್ಲದ್ ಬದ ನಿಂಗೆ ಕೊಟ್ರೆ ನನ್ನ ಗಂಟೇನ್ ಹೋಗ್ತದೆ? ನೀನು ಪೊಲೀಸ್ ಸ್ಟೇಸನ್ನಿಗೆ ಹೋಗಾದು ತಪ್ತಲ್ಲ, ಅಷ್ಟೇಯ."

ತಿಪ್ಪಯ್ಯ ನಿಂತುಬಿಟ್ಟ. "ಮತ್ತೆ ಬೆಳಿಗ್ಗೆ ನಮ್ಮ ಮರ ನಮ್ಮ ಮರ ಅಂತಿದ್ದೆ?"

ಓಬಳರಾಜು ಟವಲಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಮಾರಿದ್ ಮ್ಯಾಕೆ ನಿದ್ದೆ ಬರ್ಲಿಲ್ಲ ಕಣ್ಲಾ ತಿಪ್ಪಾ. ಬಾಯಿತುಂಬ ಒಂದ್ಸಲ ನಂದು ಅನ್ಬೇಕು ಅನ್ನುಸ್ತು. ಯಾರ ಮುಂದೆ ಅನ್ಲಿ? ಬ್ಯಾರೆಯೋರ ಮುಂದೆ ಅಂದ್ರೆ ಹೂಂ ಅಂದ್ಬುಡ್ತಾರೆ. ಅಲ್ಲ ಅನ್ನೋನು ನೀನೊಬ್ನೇ."

ತಿಪ್ಪಯ್ಯನಿಗೆ ಆ ಮಾತು ನೇರವಾಗಿ ಎದೆಗೆ ತಾಗಿತು. ಇಷ್ಟು ವರ್ಷದಲ್ಲಿ ಅವನ ಬಗ್ಗೆ ಯಾರೂ ಇಷ್ಟು ಒಳ್ಳೆಯ ಮಾತಾಡಿರಲಿಲ್ಲ. ಅತ್ತುಬಿಡುತ್ತೇನೇನೋ ಅನ್ನಿಸಿ ಕೆಮ್ಮಿದ.

"ಹೋಗ್ಲಿ ಬುಡು," ಅಂದ. "ಮಾರಿದ್ರೇನಂತೆ. ನೀನು ಊರಲ್ಲೇ ಇರ್ತೀಯಲ್ಲ. ನಾಳೆ ಹೋಟ್ಲಿಗೆ ಬಾ. ಇದ್ದಾಗಿನ ವಿಚಾರಾನೇ ತೆಗೆದು ಜಗಳ ಆಡಾನ."

"ನಾಳೆ ಬೆಳಿಗ್ಗೆ ಬಸ್ಸಿಗೆ ಹೊಂಟೆ ಕಣ್ಲಾ. ಗೌಡಗೆರೆಗೆ, ನಮ್ಮ ವನಜನ ಮನೆಗೆ. ಅಳಿಯ ಲಾರಿ ಮ್ಯಾಲೆ ಹೋಗ್ತಾನೆ, ಕಡ್ಲೇಕಾಯಿ ಹೊಲ ನೋಡ್ಕಳಾಕೆ ಗಂಡಸಿಲ್ಲ, ಬಂದು ಇಲ್ಲೇ ಇರಪ್ಪ ಅಂತ ಮಗಳು ಹಟ ಹಿಡ್ದವ್ಳೆ." ಹೇಳುತ್ತಾ ಹೇಳುತ್ತಾ ಓಬಳರಾಜುವಿನ ಮುಖ ಅರಳತೊಡಗಿತು. "ಪಕ್ಕದ್ ಹೊಲದಾಗೆ ಚಂದ್ರಶೇಖರಯ್ಯ ಅಂತ ಒಬ್ನವ್ನಂತೆ. ವರ್ಸಾ ವರ್ಸಾ ಬದ ಕೆರೀತಾನಂತೆ. ಹೋದ್ ವರ್ಸ ಎಲ್ಡು ಸಾಲು ನುಂಗವ್ನಂತೆ ಕಣ್ಲಾ!"

"ಎಲ್ಡು ಸಾಲಾ?" ತಿಪ್ಪಯ್ಯನಿಗೆ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. "ಬಾಯಿ ಹೆಂಗೆ?"

"ಬಲು ಜೋರಂತೆ. ಅವನೆದುರು ನಿಲ್ಲಾಕೆ ಊರಲ್ಲಿ ಯಾರೂ ಇಲ್ವಂತೆ."

"ನನಗಿಂತ್ಲೂವಾ?"

ಓಬಳರಾಜು ಅವನನ್ನು ನೋಡಿದ. "ನೋಡ್ಬೇಕು," ಅಂದ, ಮರ್ಯಾದೆಗೆ.

ಊರಿನ ಮೊದಲ ಮನೆಗಳು ಕಂಡವು. ತಿಪ್ಪಯ್ಯ ಹೆಜ್ಜೆ ನಿಧಾನ ಮಾಡಿದ. ಅವನ ತಲೆಯಲ್ಲಿ ಇನ್ನೊಂದು ಆಸೆ ಮಿಣುಕುತ್ತಿತ್ತು. ಓಬಳರಾಜು ಹೋದರೆ ಹೋಗಲಿ, ಅವನ ಹೊಲವನ್ನು ಯಾರಾದರೂ ಕೊಂಡಿರಲೇಬೇಕಲ್ಲ. ಹೊಲ ಕೊಂಡವನು ಬದುವನ್ನೂ ಕೊಂಡ ಹಾಗೆ, ಬದು ಕೊಂಡವನು ಜಗಳವನ್ನೂ ಕೊಂಡ ಹಾಗೆ.

"ನಿನ್ ಹೊಲ ತಗಂಡೋರು ಯಾರ್ಲಾ?"

"ಮಧುಗಿರಿಯೋರು. ರೇಣುಕಯ್ಯ ಅಂತ, ಜವಳಿ ಅಂಗಡಿ."

"ಬರ್ತಾರಾ ಈ ಕಡೆ?"

"ಯಾಕ್ ಬರ್ತಾರೆ? ಹೊಲಾನೇ ನೋಡಿಲ್ಲ ಅವ್ರು. ಫೋನಾಗೆ ಪಟ ನೋಡಿ ತಗಂಡ್ರು."

"ಬದಿನ್ ವಿಚಾರ ಹೇಳಿದ್ಯಾ? ಪಕ್ಕದೋನು ತಕರಾರಿನೋನು ಅಂತ ಹೇಳಿದ್ಯಾ?"

"ಮುಚ್ಚಿಡಾಕಾಗ್ತದಾ? ಎಲ್ಲಾ ಹೇಳ್ದೆ. ಪಕ್ಕದಾಗೆ ತಿಪ್ಪಯ್ಯ ಅಂತವ್ನೆ, ಬಲು ಕೆಟ್ಟೋನು, ಒಂದು ಗೇಣೂ ಬುಡಲ್ಲ ಅಂತ ಹೇಳ್ದೆ."

ತಿಪ್ಪಯ್ಯ ಅವನ ಹತ್ತಿರ ಸರಿದ. "ಏನಂದ್ರು?"

"ಪಾಪ, ದೇವ್ರಂಥ ಮನುಸ್ಯ ಕಣ್ಲಾ. ನಕ್ಬುಟ್ರು. 'ಅವರೆಷ್ಟು ಕೇಳ್ತಾರೋ ಅಷ್ಟೂ ಅವರಿಗೇ ಇರ್ಲಿ ಬಿಡಿ. ಅಕ್ಕಪಕ್ಕದೋರ ಜೊತೆ ನಮಗ್ಯಾಕೆ ಮಾತು' ಅಂದ್ರು."

ದಾರಿ ಎರಡಾಗುವ ಕಡೆ ಓಬಳರಾಜು ಅವನ ಹೆಗಲು ಮುಟ್ಟಿ, ಬಟ್ಟೆಬರೆ ಕಟ್ಟುವುದಿದೆಯೆಂದು ಹೇಳಿ ಮೇಲಿನ ಕೇರಿಗೆ ತಿರುಗಿದ. ತಿಪ್ಪಯ್ಯ ಅವನು ಮರೆಯಾಗುವವರೆಗೂ ಅಲ್ಲೇ ನಿಂತಿದ್ದ. ದೂರದಲ್ಲಿ ಬೇಲಿಯ ಒಳಗೆ ಪ್ಲೇಟುಗಳ ಮೇಲೆ ಕತ್ತಲು ಇಳಿಯುತ್ತಿತ್ತು. ಅವುಗಳ ಕೆಳಗೆಲ್ಲೋ ಇದ್ದ ಬದು, ಮರದ ಸಮೇತ, ಇನ್ನು ಮೇಲೆ ಪೂರ್ತಿಯಾಗಿ ಅವನೊಬ್ಬನದೇ ಆಗಿತ್ತು, ಯಾರದೂ ಯಾವ ತಕರಾರೂ ಇರಲಿಲ್ಲ.